ಕನ್ವರ್ಟರ್ ಪಂಡಿತರ ನಾಡಿ ಪರೀಕ್ಷೆ

ಇನ್ನು ಮುಂದೆ ತಮ್ಮ ಕಾರಿನ ನಾಡಿಯನ್ನು ತಾವೇ ಹಿಡಿಯುವುದೆಂದು ಚನ್ನಗಿರಿಯ ಮಹೇಶ್ವರಪ್ಪನವರು ಘೋಷಿಸಿಬಿಟ್ಟಿದ್ದರು! ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಸೈಲೆನ್ಸರ್ ಶಾಸ್ತ್ರವನ್ನು ಅರೆದು ಕುಡಿದಿದ್ದರು. ಡಿಕ್ಕಿಯಲ್ಲಿ ಒಂದು ರಬ್ಬರ್ ಸುತ್ತಿಗೆಯೂ ಬಂದು ಕೂತಿತ್ತು. ಆದರೆ ಕಾರಿಗೆ ಕಾಯಿಲೆಯೇ ಬರಲೊಲ್ಲದು.

ಆ ದಿನ ಗಂಡಹೆಂಡಿರು ಜಗಳೂರಿಗೆ ಹೊರಟಿದ್ದರು. ನಿರ್ಮಲಮ್ಮನ ಅಣ್ಣನ ಮಗಳ ನಿಶ್ಚಿತಾರ್ಥ; ಸೋದರತ್ತೆಯೇ ಆರತಿ ಎತ್ತಬೇಕು. ಊರು ಇನ್ನೇನು ಹತ್ತಿರವಾಯಿತು ಎನ್ನುವಾಗ, ಗಾಡಿಗಳು ತುಳಿದು ಕಾಳು ಬಿಡಿಸಲಿ ಅಂತ ಯಾರೋ ರಸ್ತೆ ತುಂಬ ಹುರುಳಿ ಗಿಡ ಹರವಿದ್ದರು. ಬೇರೆಯವರು ಗೊಣಗುತ್ತ ದಾಟುತ್ತಾರೆ. ಮಹೇಶ್ವರಪ್ಪನವರು ಧಾರಾಳಿ. ಅಂಚಿನಲ್ಲಿದ್ದ ಅಜ್ಜಿ, "ಇನ್ನೊಂದ್ ಸಲ ಹಾಯಿಸಪ್ಪಾ, ಪುಣ್ಯ ಬರ್ತೈತೆ" ಎಂದದ್ದೇ ತಡ, ಹಿಂದಕ್ಕೂ ಮುಂದಕ್ಕೂ ಹಾಯಿಸಿ ಒಕ್ಕಣೆಯನ್ನೇ ಮುಗಿಸಿಕೊಟ್ಟರು!

ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಳಗಿನಿಂದ ಗಲಗಲ ಸದ್ದು. ಹಿಂದೆಯೇ ಸುಟ್ಟ ವಾಸನೆ. ಮಹೇಶ್ವರಪ್ಪನವರ ಮುಖ ಅರಳಿತು. ಕಾರು ನಿಲ್ಲಿಸಿದರು.

"ಕ್ಯಾಟಲಿಟಿಕ್ ಕನ್ವರ್ಟರ್ ಹೋಗೈತೆ! ಹೊಗೆ ಶುದ್ಧ ಮಾಡೋ ಡಬ್ಬಿ ಕಣೇ. ಒಳಗಿನ ಜಾಲರಿ ಒಡೆದು ಗಲಗಲ ಅಂತೈತೆ."

"ರೀ, ಇದು ಹುರುಳಿ ಹುರಿದ ವಾಸ್ನೆ."

"ಒಲೆ ಮುಂದೆ ನಿಂತೋರಿಗೆ ಎಲ್ಲಾ ಅಡಿಗೆ ವಾಸ್ನೇನೇ!"

"ಆಯ್ತು, ನಡೀರಿ. ಆರತಿಗೆ ಹೊತ್ತಾಗ್ತೈತೆ."

"ಹಿಂಗೇ ಓಡಿಸಿದ್ರೆ ಇಂಜಿನ್ನೂ ಹೋಗ್ತೈತೆ! ಪೈಪ್ ತಣ್ಣಗಾಗಬೇಕು, ಆಮೇಲೆ ಬಡಿದು ನೋಡಬೇಕು."

ಅಷ್ಟರಲ್ಲಿ ಜಗಳೂರಿನ ಬಸ್ಸು ಬಂತು. ನಿರ್ಮಲಮ್ಮ ಆರತಿ ತಟ್ಟೆ ಎತ್ತಿಕೊಂಡು ಹತ್ತಿಯೇಬಿಟ್ಟರು. ಮಹೇಶ್ವರಪ್ಪನವರು ಭಾವನಿಗೆ ಫೋನು ಹಚ್ಚಿ, "ದೊಡ್ಡ ಕೇಸು ಭಾವ, ಕನ್ವರ್ಟರ್ರು! ನಾನಿದ್ದದ್ದಕ್ಕೆ ಪತ್ತೆ ಆತು" ಎಂದರು.

ಪೈಪು ತಣ್ಣಗಾದ ಮೇಲೆ ಬಿಳಿ ಅಂಗಿಯಲ್ಲೇ ಕಾರಿನಡಿ ತೂರಿ ಸುತ್ತಿಗೆಯಿಂದ ಒಂದು ಏಟು ಕೊಟ್ಟರು. ಡಬ್ಬಿಗೂ ಅದರ ತಗಡಿನ ಹೊದಿಕೆಗೂ ನಡುವೆ ಸಿಕ್ಕಿಕೊಂಡಿದ್ದ ಹೊಟ್ಟು, ಕಾಳು ಎಲ್ಲ ಮುಖದ ಮೇಲೆ ಸುರಿದವು! ಬಾಯಿಗೂ ನಾಲ್ಕು ಬಿದ್ದವು. ಕಡಿದು ನೋಡಿದರು. ಹದವಾಗಿ ಹುರಿದಿದ್ದವು. ಕಾರು ಸ್ಟಾರ್ಟ್ ಮಾಡಿದರೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಅವರಿಗೆ ನಿಜಕ್ಕೂ ಬೇಸರವಾಯಿತು.

ಛತ್ರ ತಲುಪಿದಾಗ ಆರತಿ ಆಗಿತ್ತು, ಎಲೆಯನ್ನೂ ಎತ್ತಿಯಾಗಿತ್ತು. ಭಾವ ಗಾಬರಿಯಿಂದ ಓಡಿ ಬಂದರು.

"ಕನ್ವರ್ಟರ್ ಏನಾತ್ರಿ?"

"ನಾನೇ ಸರಿ ಮಾಡಿದೆ!"

ನಿರ್ಮಲಮ್ಮ ಗಂಡನ ತಲೆಯಿಂದ ಒಂದು ಹುರುಳಿಕಾಳು ಹೆಕ್ಕಿ, ಎಲ್ಲರೆದುರೇ ಮೂಸಿ ನೋಡಿದರು.

"ಇಲ್ಲಿ ಊಟ ಖಾಲಿ ಆಗೈತ್ರಿ. ಕಾರಿಗೆ ಇನ್ನೊಂದ್ ಏಟು ಹಾಕಿ ನೋಡ್ರಿ, ಹೊಟ್ಟೆಗೆ ಆಗೋವಷ್ಟು ಉದುರಬೋದು!"