ಚಿಂಚೋಳಿಯ ವೆಸ್ಟ್ ಇಂಡೀಸ್

ನಿಜಾಮ ಸರ್ಕಾರದ ಚಿಂಚೋಳಿ ತಾಲೂಕಿಗೆ ಸಮುದ್ರವಿರಲಿಲ್ಲ. ಈ ನ್ಯೂನತೆಯನ್ನು ಫಸಲಿ ೧೩೪೪ರಲ್ಲಿ, ಅಂದರೆ ಇಸವಿ ೧೯೩೫ರಲ್ಲಿ, ಸರಿಪಡಿಸಲಾಯಿತು.

ಆ ಬೇಸಿಗೆ ಹೈದರಾಬಾದಿನಿಂದ ಹುಕುಂ ಬಂತು: ‘ವೆಸ್ಟ್ ಇಂಡೀಸ್ ಎಂಬ ಉಷ್ಣ ದೇಶದ ದ್ವೀಪಗಳಿವೆ. ಆ ಹೆಸರಿನ ಅರ್ಥ ಹಾಗೂ ಉತ್ಪತ್ತಿ ತಿಳಿಸುವುದು.’ ಯಾಕೆಂದು ಯಾರೂ ಕೇಳಲಿಲ್ಲ. ಕೇಳುವುದು ಕಚೇರಿಯ ಪದ್ಧತಿಯಲ್ಲ.

ತಹಶೀಲ್ದಾರ ಮಜೀದಸಾಬರು ಶಾಲೆಯ ಗುರುಲಿಂಗಯ್ಯ ಮಾಸ್ತರರನ್ನು ಕರೆಸಿದರು.

“ಹಿಂದೂಸ್ತಾನ ಹುಡುಕಲಿಕ್ಕೆ ಹೊಂಟ ಒಬ್ಬ ಕಪ್ತಾನ ದಾರಿ ತಪ್ಪಿ ಬ್ಯಾರೆ ದ್ವೀಪಕ್ಕ ಹೋದ್ರಿ. ಅದನ್ನೇ ಹಿಂದೂಸ್ತಾನ ಅಂದ. ಆಮ್ಯಾಲ ಗೊತ್ತಾಗಿ, ಮುಂದ ‘ವೆಸ್ಟ್’, ಅಂದ್ರ ‘ಪಡುವಣ’ ಅಂತ ಹಚ್ಚಿದ್ರು,” ಎಂದರು ಮಾಸ್ತರರು.

“ತಪ್ಪು ಅಂತ ಗೊತ್ತಾದ ಮ್ಯಾಲೂ ಹೆಸರು ತೆಗೀಲಿಲ್ಲೇನ್ರಿ?”

“ಇಲ್ರಿ.”

“ಭಾಳ ಛಲೋ ಸರ್ಕಾರ!” ಎಂದು ಸಾಹೇಬರು ಮೆಚ್ಚಿದರು.

“ಅರ್ಥ ಆಯ್ತು. ಉತ್ಪತ್ತಿ ಏನದ?” ಎಂದರು ಕಡತ ನೋಡುವ ಪೇಶಕಾರ ನಾಗೇಂದ್ರಪ್ಪ. ಕಚೇರಿಯಲ್ಲಿ ಉತ್ಪತ್ತಿಯೆಂದರೆ ಬೆಳೆ. ಅದು ಹೆಸರಿನ ಹುಟ್ಟು ಎಂದು ಮಾಸ್ತರರು ಹೇಳಹೋದರು. “ನೀವು ನಿಮ್ಮ ಶಾಲಿ ನೋಡ್ರಿ,” ಎಂದು ನಾಗೇಂದ್ರಪ್ಪ ಅವರನ್ನು ಕಳಿಸಿದರು.

ಕಚೇರಿಯ ಪಡುವಣಕ್ಕೆ, ಹೊಳೆಯ ನಡುವಿನ ಉಸುಕಿನಲ್ಲಿ ಅಂಬಿಗರ ಅಂಬರಾಯ, ಚಂದಮ್ಮ ಗಂಡಹೆಂಡಿರು ಕಲ್ಲಂಗಡಿ ಬೆಳೆದಿದ್ದರು. ಪಡುವಣದ ದ್ವೀಪವೆಂದರೆ ಇದೇ ಎಂದು ನಾಗೇಂದ್ರಪ್ಪ ಜೋಡು ಬಿಟ್ಟು ಅಲ್ಲಿ ಕಾಲಿಟ್ಟು, ಸುಟ್ಟುಕೊಂಡು, ಕುಣಿದು, ‘ಉಷ್ಣ ದೇಶ ಖರೆ. ಉತ್ಪತ್ತಿ: ಕಲ್ಲಂಗಡಿ’ ಎಂದು ಬರೆದರು. ಮೇಲಿನವರು ಒಪ್ಪಿದರು. ಪರದೇಶದ ಮಾಲಿಗೆ ಸುಂಕ ವಸೂಲಿ ಮಾಡಲು ದಂಡೆಯ ಮೇಲೆ ಕರೋಡಗಿರಿ ನಾಕಾ ಕೂಡಿಸಿದರು.

ಬುಟ್ಟಿ ಹೊತ್ತು ಬಂದ ಚಂದಮ್ಮನನ್ನು ನಾಕಾದ ಜವಾನ ತಡೆದ.

“ಯಾವ ಪರದೇಶನೋ ಯಣ್ಣಾ? ಅಗೋ ನನ್ನ ಗಂಡ ಬಳ್ಳಿಗಿ ನೀರು ಹಾಕಲಿಕತ್ತಾನ, ಇಲ್ಲಿಂದೇ ಕಾಣಸ್ತಾನ.”

“ಕಾಣಸ್ಲಿ ಬಿಡವ್ವ. ಪರದೇಶದಾಗೇ ಅದಾನ.”

ತಪಾಸಣೆಯೆಂದು ಜವಾನ ಅರ್ಧ ಬುಟ್ಟಿ ತಿಂದು ಮುಗಿಸಿದ. ಚಂದಮ್ಮ ಅಳುತ್ತಲೇ ಕಚೇರಿಗೆ ನಡೆದಳು.

“ಪರದೇಶ ಆದ್ರ ನಿಮಗ ಭೂಮಿ ಕಂದಾಯ ಯಾಕ ಕೊಡಬೇಕ್ರಿ?”

ನಾಗೇಂದ್ರಪ್ಪ ಕಾಯಿದೆ ನೋಡಿದರು. ಮಾತು ಸರಿಯಿತ್ತು. ಕಂದಾಯ ಮಾಫಾಯಿತು, ಅಷ್ಟನ್ನೇ ಸುಂಕಕ್ಕೆ ಸೇರಿಸಲಾಯಿತು. ಚಂದಮ್ಮ ಕಣ್ಣೊರೆಸಿಕೊಂಡು ಚಂದಾಪುರ ಸಂತೆಗೆ ಹೋಗಿ, “ಪರದೇಶದ ಕಲ್ಲಂಗಡಿ!” ಎಂದು ಕೂಗಿ ದುಪ್ಪಟ್ಟು ದರಕ್ಕೆ ಮಾರಿದಳು.

ಮಳೆಗಾಲದಲ್ಲಿ ವೆಸ್ಟ್ ಇಂಡೀಸ್ ಮುಳುಗಿತು. ನಾಕಾ ಮುಳುಗಲಿಲ್ಲ. ಅಂಬರಾಯನ ದೋಣಿಯಲ್ಲಿ ಆಚೆ ದಂಡೆಯಿಂದ ಬಂದಿಳಿದವರನ್ನೆಲ್ಲ ಜವಾನ ಎಲ್ಲಿಂದ ಬಂದಿರೆಂದು ಕೇಳತೊಡಗಿದ. ನಾಕಾದ ಪುಸ್ತಕದಲ್ಲಿ ವೆಸ್ಟ್ ಇಂಡೀಸ್ ಒಂದೇ ಇತ್ತು; ಊರಿನ ಹೆಸರು ಹೇಳಿದವರ ವಿಚಾರಣೆ ಸಂಜೆಯ ತನಕ ನಡೆಯುತ್ತಿತ್ತು.

“ವೆಸ್ಟ್ ಇಂಡೀಸಿಂದ ಅನ್ರಿ, ಲಗೂನ ಬಿಡ್ತಾರ,” ಎಂದು ಚಂದಮ್ಮ ದೋಣಿಯಲ್ಲೇ ಎಲ್ಲರಿಗೂ ತಿಳಿಸಿದಳು.

ಎಲ್ಲರೂ ಹಾಗೇ ಅಂದರು. ಲಗೂನ ಬಿಟ್ಟರು.