ಚಂದ್ರನಲ್ಲಿ ಸಿಕ್ಕಿಕೊಂಡ ವಸಂತ

ಎದುರಿಗೆ ಸಿಕ್ಕವರನ್ನು ಜನ ‘ಊಟ ಆಯಿತೇ’ ಎಂದು ವಿಚಾರಿಸುತ್ತಾರೆ. ನನ್ನ ಬಾಯಲ್ಲಿ ಬರುವುದು ‘ಈಗ ಏನು ಓದ್ತಾ ಇದ್ದೀರಿ’ ಎಂಬ ಪ್ರಶ್ನೆ. ಇದು ಸೌಜನ್ಯವಲ್ಲ, ಚಟ. ಯಾರ ಕೈಯಲ್ಲಾದರೂ ಪುಸ್ತಕ ಕಂಡರೆ ನನ್ನ ಕತ್ತು ತಾನಾಗಿಯೇ ಓರೆಯಾಗುತ್ತದೆ; ಅದು ಆಗದ ಹೋಗದ ಸಂಗತಿಗಳ ಪುಸ್ತಕವಾದರಂತೂ ನೆಟ್ಟಗಾಗುವುದೇ ಇಲ್ಲ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿದ್ದಾಗ ಇಂಥ ಹುಚ್ಚಿನವರು ನಾವು ನಾಲ್ಕಾರು ಜನ ಇದ್ದೆವು. ನಮ್ಮ ಬೀದಿಯ ಗುಮಾಸ್ತರೊಬ್ಬರು ಅಂಜನ ಹಚ್ಚಿಕೊಂಡು ಮಾಯವಾಗುವವನ ಕಥೆ ಓದುತ್ತಿದ್ದರು. ನೀರು ಸೇದಿಕೊಡಿ ಎಂದು ಹೆಂಡತಿ ಕರೆದರೆ ಅವರೂ ಮಾಯ. ರೈಲ್ವೆಯಲ್ಲಿದ್ದ ನೆರೆಮನೆಯವರು ಓದುತ್ತಿದ್ದುದು ಸಮುದ್ರದ ತಳದಲ್ಲಿ ರೈಲು ಓಡಿಸುವ ಪಟ್ಟಣದ ಕಥೆ. ನೀರಿನೊಳಗೆ ರೈಲು ಓಡುವುದನ್ನು ಅವರು ನಂಬಿದ್ದರು. ಅದು ಹೊತ್ತಿಗೆ ಸರಿಯಾಗಿ ಬರುತ್ತದೆ ಎಂಬ ಕಡೆ ಮಾತ್ರ ಲೇಖಕ ಸ್ವಲ್ಪ ಹೆಚ್ಚಿಗೆ ಬರೆದಿದ್ದಾನೆ ಎನ್ನುತ್ತಿದ್ದರು.

ನನ್ನ ಕೈಯಲ್ಲಿದ್ದುದು ಚಂದ್ರಲೋಕದ ಪುಸ್ತಕ. ಕೈಯಿಂದ ಕೈಗೆ ದಾಟಿ ರಟ್ಟು ಹೋಗಿ, ಬರೆದವರು ಯಾರೆಂದು ಹೇಳುವ ಹಾಳೆಯೂ ಹೋಗಿತ್ತು. ವಸಂತನೆಂಬ ತರುಣ ತಾಯಿಗೆ ನಮಸ್ಕಾರ ಮಾಡಿ, ತಾನೇ ಕಟ್ಟಿದ ಯಂತ್ರದಲ್ಲಿ ಕುಳಿತು ಚಂದ್ರನಿಗೆ ಹೋಗುತ್ತಾನೆ. ಅದನ್ನು ನಾನು ಮನೆಯಲ್ಲಿ ಕೂತು ಓದಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಜವಳಿ ಅಂಗಡಿಯ ಶಿವಲಿಂಗಪ್ಪನವರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಪುರಾಣ ಓದಿಸುವ ಪದ್ಧತಿ. ಓದುತ್ತಿದ್ದ ಅಯ್ಯನವರು ಅರಕಲಗೂಡಿನ ಮಗಳ ಮನೆಗೆ ಹೋದವರು ತಿಂಗಳಾದರೂ ಬರಲಿಲ್ಲ. ಆ ಜಾಗಕ್ಕೆ ನನ್ನನ್ನು ಕರೆದರು. ಪುರಾಣವನ್ನು ರಾಗವಾಗಿ ಓದುವ ಗಂಟಲು ನನಗಿಲ್ಲ. ಬೇಕಾದರೆ ಚಂದ್ರನ ಕಥೆ ಓದುತ್ತೇನೆ ಎಂದೆ. ಶಿವಲಿಂಗಪ್ಪನವರ ತಾಯಿ ಗೌರಮ್ಮನವರು, ಚಂದ್ರ ಇರುವುದು ಶಿವನ ತಲೆಯ ಮೇಲೆ ತಾನೆ, ಓದಲಿ ಎಂದು ಅಪ್ಪಣೆ ಕೊಟ್ಟರು. ನನ್ನ ರಟ್ಟಿಲ್ಲದ ಪುಸ್ತಕ ವ್ಯಾಸಪೀಠದ ಮೇಲೆ ಕುಳಿತು ವಿಭೂತಿ ಹಚ್ಚಿಸಿಕೊಂಡು ಹೂವು ಮುಡಿಯಿತು. ನನಗೆ ಒಳಗೊಳಗೇ ನಗು. ಆ ನಗು ಐದು ಭಾನುವಾರ ಇತ್ತು.

ಆರನೆಯ ಭಾನುವಾರ ಚಂದ್ರನಲ್ಲಿ ವಸಂತನ ಯಂತ್ರ ಕೆಟ್ಟಿತು. ಜೊತೆಗೆ ಒಯ್ದಿದ್ದ ಗಾಳಿ ಮುಗಿಯುತ್ತಾ ಬಂತು. ಮುಂದೇನು ಎಂದು ಪುಟ ತಿರುವಿದರೆ ಮುಂದೆ ಪುಟವೇ ಇಲ್ಲ. ಕೊನೆಯ ಹೊಲಿಗೆ ಕಿತ್ತುಹೋಗಿತ್ತು. ಇಂಥದ್ದನ್ನು ಮೊದಲೇ ನೋಡಿಕೊಳ್ಳುವುದು ಬುದ್ಧಿವಂತರ ಲಕ್ಷಣ. ಇಷ್ಟೇ ಇರುವುದು ಎಂದು ಮುಚ್ಚಲು ಹೋದೆ. ಗೌರಮ್ಮನವರು ಕೈ ಅಡ್ಡ ತಂದರು. ಆ ಮನೆಯಲ್ಲಿ ಕಥೆಯವರು ಕಾಡಿನಲ್ಲೋ ಸೆರೆಯಲ್ಲೋ ಇರುವಾಗ ಓದು ಮುಗಿಸುವಂತಿಲ್ಲ. ಅವರನ್ನು ಮನೆಗೆ ಕರೆತಂದು, ಮಂಗಳಾರತಿ ಎತ್ತಿ, ಆಮೇಲೆ ಪುಸ್ತಕ ಮುಚ್ಚಬೇಕು. ಅಲ್ಲಿಯವರೆಗೆ ಓದಿಸಿದವರಿಗೆ ಒಪ್ಪತ್ತು, ಅಂದರೆ ದಿನಕ್ಕೆ ಒಂದೇ ಊಟ.

“ಆ ಮಗ ಅಲ್ಲಿ ಉಸ್ರಿಗೆ ಒದ್ದಾಡ್ತಾವ್ನೆ, ನಾವಿಲ್ಲಿ ಪುಸ್ತಕ ಮುಚ್ಚಾಕಾಯ್ತದಾ ಮೇಷ್ಟ್ರೇ?” ಎಂದರು.

ಪುಸ್ತಕ ತೆರೆದೇ ಉಳಿಯಿತು. ಎಪ್ಪತ್ತು ದಾಟಿದ ಗೌರಮ್ಮನವರು ಒಪ್ಪತ್ತು ಹಿಡಿದರು. ವಾರದೊಳಗೆ ಅವರು ಗೋಡೆ ಹಿಡಿದು ನಡೆಯುವಂತಾಯಿತು. ಇದು ಪುರಾಣವಲ್ಲ, ಯಾರೋ ಕೂತು ಹೊಸೆದ ಕಥೆ ಎಂದು ನಾನು ತಿಳಿಸಿ ಹೇಳಿದೆ. ಹೊಸೆದರೇನಂತೆ, ಹೆತ್ತವಳು ಕಾಯುತ್ತಿರುವುದಿಲ್ಲವೇ ಎಂದುಬಿಟ್ಟರು. ಶಿವಲಿಂಗಪ್ಪನವರು ಸಂತೆ ಬೀದಿಯಲ್ಲಿ ನನ್ನನ್ನು ತಡೆದು, “ಅವ್ವ ಸೊರಗೋಯ್ತಾವ್ರೆ ಮೇಷ್ಟ್ರೇ. ಆ ಪುಣ್ಯಾತ್ಮನ್ನ ಎಂಗಾರ ಮಾಡಿ ಇಳಿಸ್ಬುಡಿ” ಎಂದು ಕೈ ಹಿಡಿದುಕೊಂಡರು. ನನಗೆ ನಿಜವಾಗಿ ಭಯವಾಯಿತು.

ಚನ್ನರಾಯಪಟ್ಟಣದಲ್ಲಿ ಕಾಂಪೌಂಡರ್ ಆಗಿದ್ದ ಗೆಳೆಯನೊಬ್ಬ ಈ ಪುಸ್ತಕವನ್ನು ಇಡಿಯಾಗಿ ಓದಿದ್ದ. ಮುಂದಿನ ಭಾನುವಾರವೇ ಹೊರಟೆ. ಪೆಟ್ರೋಲ್ ಇಲ್ಲದ ಕಾಲ. ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದಾಗಲೆಲ್ಲ ಇಳಿದು ನೂಕಿದೆವು. ಒಂದು ಚಿಟಿಕೆ ಪುಡಿ ಸುಟ್ಟು ಚಂದ್ರನಿಗೆ ಹಾರಿದ ವಸಂತನ ಮೇಲೆ ಆಗ ನನಗೆ ಬಹಳ ಹೊಟ್ಟೆಕಿಚ್ಚಾಯಿತು. ಗೆಳೆಯ ಸೀಸೆಗೆ ಔಷಧ ತುಂಬುತ್ತಲೇ, “ಅವನಾ? ಸತ್ತೋದ ಕಣಯ್ಯ. ಗಾಳಿ ಸಾಲ್ದೆ, ಭೂಮೀನ ನೋಡ್ತಾ ನೋಡ್ತಾ ಪ್ರಾಣ ಬಿಡ್ತಾನೆ. ಬಾಳ ಚೆನ್ನಾಗೈತೆ” ಎಂದ.

ಈ ಚೆನ್ನಾಗಿರುವುದನ್ನು ಹೊತ್ತುಕೊಂಡು ಮತ್ತೆ ಬಸ್ಸು ನೂಕುತ್ತಾ ಬಂದೆ. ವಾರವೆಲ್ಲ ನಿದ್ದೆ ಸರಿಯಾಗಿ ಬರಲಿಲ್ಲ. ಭಾನುವಾರ ವ್ಯಾಸಪೀಠದ ಮುಂದೆ ಕುಳಿತು, ಕಿತ್ತುಹೋದ ಹಾಳೆ ಸಿಕ್ಕಿತೆಂದು ಸುಳ್ಳು ಹೇಳಿ, ಗಂಟಲು ಸರಿಮಾಡಿಕೊಂಡು ‘ಓದಿದೆ’. ಚಂದ್ರನ ಒಂದು ಗುಹೆಯಲ್ಲಿ ವಸಂತನಿಗೆ ಗಾಳಿ ಸಿಕ್ಕಿತು. ಯಂತ್ರ ರಿಪೇರಿಯಾಯಿತು. ಗಾಬರಿಯಲ್ಲಿ ಬೇರೆ ಊರಿನ ಹೆಸರು ಹೊಳೆಯದೆ ಅವನನ್ನು ಹತ್ತಿರದ ಮೊಸಳೆ ಎಂಬ ಹಳ್ಳಿಯ ಜೋಡಿ ಗುಡಿಗಳ ಹಿಂದಿನ ರಾಗಿ ಹೊಲದಲ್ಲಿ ಇಳಿಸಿದೆ. ಹೊಲ ಯಾರದು ಎಂದು ಶಿವಲಿಂಗಪ್ಪನವರು ಕೇಳಿದರು. ಕಟಾವು ಆಗಿತ್ತು, ಯಾರಿಗೂ ನಷ್ಟವಿಲ್ಲ ಎಂದೆ. ಅವನ ತಾಯಿ ಬಿಸಿ ಮುದ್ದೆ ಬಡಿಸುವಲ್ಲಿಗೆ ನನ್ನ ಕಣ್ಣೇ ಒದ್ದೆಯಾಗಿತ್ತು.

ಮಂಗಳಾರತಿ ಆಯಿತು, ಪುಸ್ತಕ ಮುಚ್ಚಿದರು. ಎಲೆ ಹಾಕಿ ನನ್ನನ್ನೂ ಕೂರಿಸಿದರು. ಗೌರಮ್ಮನವರು ತಾವೇ ಪಾಯಸ ಬಡಿಸುತ್ತಾ, ಬೇರೆ ಯಾರಿಗೂ ಕೇಳದ ಹಾಗೆ, “ಅಷ್ಟೊತ್ತು ಓದಿದ್ರಲ್ಲ, ಒಂದು ಪುಟಾನೂ ಮಗುಚ್ಲಿಲ್ವಲ್ಲ ಮೇಷ್ಟ್ರೇ” ಎಂದರು.

ನಾನು ಅವಸರವಾಗಿ ಪಾಯಸ ಬಾಯಿಗೆ ಹಾಕಿಕೊಂಡೆ.

“ನಮ್ಮ ಪುರಾಣದಾಗೂ ಗೆದ್ಲು ತಿಂದಿರೋ ಹಾಳೆ ಬೇಕಾದಷ್ಟವೆ. ಅಯ್ನೋರು ಆಗಿದ್ರೆ ಅವತ್ತೇ ಇಳಿಸ್ಬುಡೋರು” ಎಂದು ಇನ್ನೊಂದು ಸೌಟು ಹಾಕಿದರು.

ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಅಚ್ಚಾಗಿದ್ದರೆ ಮಾತ್ರ ಓದಲು ಬರುವ ಒಬ್ಬ ಮೇಷ್ಟ್ರ ದೆಸೆಯಿಂದ ಆ ತಾಯಿ ಎರಡು ವಾರ ಅರೆಹೊಟ್ಟೆಯಲ್ಲಿದ್ದರು.