ಒಂದು ಕೈ, ಒಂದು ಕಾಲು, ಎರಡು ಸೇರಿನ ಕಲ್ಲು

ಕೈ ಕಳೆದುಕೊಂಡವರಿಗೆ, ಬೆರಳು ಮಡಿಸಲಾಗದವರಿಗೆ ವಾದ್ಯಗಳನ್ನು ಹೊಂದಿಸಿಕೊಡುವ ಹವ್ಯಾಸ ನನ್ನದು. ಅಳತೆ ಎಷ್ಟೇ ಸರಿಯಿರಲಿ, ಪ್ರತಿ ವಾದ್ಯವೂ ಒಮ್ಮೆಯಾದರೂ ನನ್ನನ್ನು ನಗೆಪಾಟಲು ಮಾಡಿಯೇ ಮುಂದೆ ಹೋಗಿದೆ. ಮೊದಲನೆಯದು ಒಂದೇ ಊರಿಗೆ ನಿಲ್ಲಲಿಲ್ಲ.

೧. ಚನ್ನಗಿರಿ

ಬಿ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ಎರಡನೇ ಮಹಾಯುದ್ಧ ನಡೆದಿತ್ತು. ನಮ್ಮೂರ ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರರ ಎಡಗೈ ಕಬ್ಬಿನ ಗಾಣಕ್ಕೆ ಸಿಕ್ಕಿ ಮೊಣಕೈವರೆಗೆ ಹೋಗಿತ್ತು. ನುಡಿಸುವ ಬಲಗೈ ಇತ್ತು. ಹಿಂದೆ ಗಾಳಿ ಹಾಕುವ ತಿದಿ ಒತ್ತುವ ಕೈ ಇರಲಿಲ್ಲ.

ಕಂಪನಿಯ ಮಾಲೀಕರು ಹೇಳಿಬಿಟ್ಟಿದ್ದರು: “ಜಗಳೂರು ಕ್ಯಾಂಪಿನ ತನಕ ನೋಡ್ತೀನಿ. ಆಮೇಲೆ ಎರಡು ಕೈಯಿರೋ ಮಾಸ್ತರು ಕೂರ್ತಾರೆ.”

ಮಾಸ್ತರು ಇಪ್ಪತ್ತು ವರ್ಷ ಕೂತ ಜಾಗ ಅದು. ನನ್ನ ಬಳಿ ಬಂದರು. ನಾನು ನೋಟ್‌ಬುಕ್ ತೆಗೆದೆ.

“ಒಂದು ಹಾಡಿಗೆ ತಿದಿ ಎಷ್ಟು ಸಲ ಒತ್ತುತ್ತಿದ್ದಿರಿ?”

“ಯಾರು ಎಣಿಸಿದ್ರು ಸ್ವಾಮಿ? ಅಷ್ಟು ಲೆಕ್ಕದ ಮನುಷ್ಯ ಆಗಿದ್ರೆ ಗಾಣದಾಗೆ ಕೈ ಇಡ್ತಿದ್ನಾ?”

ದೊಡ್ಡ ಕಂಪನಿಗಳಲ್ಲಿ ಕಾಲಿನಿಂದ ತುಳಿಯುವ ಹಾರ್ಮೋನಿಯಂ ಇರುತ್ತದೆಂದು ಕೇಳಿದ್ದೆ. ಆ ಕಾಲದಲ್ಲಿ ಅದನ್ನು ತರಿಸುವ ಮಾತೇ ಇರಲಿಲ್ಲ. ನಮ್ಮೂರ ಟೈಲರ್ ಸಾಹೇಬರು ತಮ್ಮ ಹಳೇ ಹೊಲಿಗೆ ಯಂತ್ರದ ಪೆಡಲು, ಚಕ್ರ ಎರಡನ್ನೂ ಕೊಟ್ಟರು. ಅದನ್ನು ತಿದಿಗೆ ಜೋಡಿಸಿದೆ. ಮೊದಲ ಪರೀಕ್ಷೆ ಅವರ ಅಂಗಡಿಯಲ್ಲೇ. ಮಾಸ್ತರು ಮಗನನ್ನು ಕಳೆದುಕೊಂಡ ರಾಣಿಯ ಹಾಡು ಎತ್ತಿಕೊಂಡರು. ಚಕ್ರದ ಒಂದೊಂದು ಸುತ್ತಿಗೂ ಗಾಳಿ ನುಗ್ಗುತ್ತಿತ್ತು, ನಿಲ್ಲುತ್ತಿತ್ತು. ರಾಣಿಯ ದುಃಖ ಟಕಟಕನೆ ಓಡಿತು.

ಸಾಹೇಬರು ಕಿವಿಗೊಟ್ಟು ಕೇಳಿದರು. “ಇದು ಅಳೋದಲ್ಲ ರೀ,” ಅಂದರು, “ಕಾಲರ್ ಹೊಲಿಯೋದು.”

೨. ನ್ಯಾಮತಿ

ಊರು ಬಿಡುವ ಮುಂಚೆಯೇ, ಗಾಳಿ ತಡೆದು ಒಂದೇ ಸಮನೆ ಬಿಡಲು ಇನ್ನೊಂದು ಚರ್ಮದ ಚೀಲ ಬೇಕು, ಅದರ ಮೇಲೆ ಭಾರ ಬೇಕು ಎಂದು ತಿಳಿಯಿತು. ಒಂದು ಸೇರಿನ ಕಲ್ಲಿಟ್ಟರೆ ದನಿ ಸೊರಗಿತು. ಮೂರು ಸೇರಿನದು ಕಿರುಚಿತು. ಎರಡು ಸೇರಿಗೆ ಸರಿಹೋಯಿತು. ಮಾಸ್ತರು ರಾಣಿಯ ಹಾಡು ನುಡಿಸಿದಾಗ ಸಾಹೇಬರು ಈ ಸಲ ಕಣ್ಣೊರೆಸಿಕೊಂಡರು.

ನ್ಯಾಮತಿಯಲ್ಲಿ ಮೊದಲ ಆಟ. ಆಟಕ್ಕೆ ಮುಂಚೆ ರಂಗದ ಮೇಲೆ ವಾದ್ಯಗಳಿಗೆ ಪೂಜೆ ಮಾಡುವುದು ಕಂಪನಿಯ ಪದ್ಧತಿ. ಅಡುಗೆಯ ಅಜ್ಜಿಯೇ ಅದನ್ನು ಮಾಡುತ್ತಿದ್ದರು. ನಾನು ಪೆಡಲಿಗೆ ಎಣ್ಣೆ ತರಲು ಹೋಗಿದ್ದೆ. ಬರುವಷ್ಟರಲ್ಲಿ ಅಜ್ಜಿ ಕಲ್ಲಿಗೆ ಕುಂಕುಮ ಹಚ್ಚಿ, ಹೂವಿಟ್ಟು, ಅದರ ಮೇಲೇ ಟಪ್ಪೆಂದು ತೆಂಗಿನಕಾಯಿ ಕುಟ್ಟಿದ್ದರು. ಕಾಯಿ ಒಡೆಯಲಿಲ್ಲ. ಚೀಲ ಒಡೆಯಿತು.

“ಅಜ್ಜಿ, ಏನು ಮಾಡಿದ್ರಿ?”

“ಕಾಯಿ ಒಡೆಯಾಕೆ ಅಂತ್ಲೇ ಕಲ್ಲು ಇಟ್ಟೀಯಲ್ಲಪ್ಪ, ಭಾರಿ ಬುದ್ಧಿವಂತ ಅಂದ್ಕೊಂಡೆ. ಕಲ್ಲೇನೋ ಗಟ್ಟಿ ಐತೆ. ನೀ ಕಟ್ಟಿದ್ದೇ ಮೆತ್ತಗೆ.”

ಆ ದಿನ ಹಾಡುಗಳೆಲ್ಲ ತಬಲಾದ ಮೇಲೆ ನಡೆದವು.

೩. ಹೊನ್ನಾಳಿ

ಚೀಲಕ್ಕೆ ಎರಡು ಪದರ ಚರ್ಮ ಹಾಕಿಸಿದೆ. ಕಲ್ಲಿನ ಸುತ್ತ ಮರದ ಪೆಟ್ಟಿಗೆ ಕೂಡಿಸಿದೆ. ಅಜ್ಜಿಗೆ ಬೇರೆ ಕಲ್ಲು ತಂದುಕೊಟ್ಟೆ.

ಅಷ್ಟರಲ್ಲಿ ಮಾಲೀಕರು ಕರೆಸಿದ, ಎರಡು ಕೈಯಿರುವ ಹೊಸ ಮಾಸ್ತರು ಬಂದಿಳಿದರು. ನಮ್ಮ ವಾದ್ಯ ನೋಡಿ ನಕ್ಕರು. “ಕಾಲಲ್ಲಿ ತುಳಿದು ನುಡಿಸಾಕೆ ವಿದ್ಯೆ ಯಾತಕ್ರೀ? ಯಾರು ಬೇಕಾದ್ರೂ ನುಡಿಸಬಹುದು.”

“ಕೂತ್ಕೊಳ್ರಿ,” ಅಂದರು ನಮ್ಮ ಮಾಸ್ತರು.

ಕೂತರು. ಕಾಲು ತುಳಿಯಿತು, ಬಲಗೈ ನುಡಿಸಿತು. ಎಡಗೈ ಮಾತ್ರ ಅಭ್ಯಾಸಬಲದಿಂದ ಹಿಂದೆ ಹೋಗಿ ಕಲ್ಲಿನ ಪೆಟ್ಟಿಗೆಗೆ ಬಡಿಯಿತು. ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು, ಕಾಲು ನಿಂತಿತು. ಕಾಲು ನಡೆಸಿದರು, ಕೈ ಮತ್ತೆ ಹಿಂದೆ ಹೋಯಿತು. ಅಜ್ಜಿ ಒಲೆ ಬಿಟ್ಟು ನೋಡಲು ಬಂದರು.

ನಮ್ಮ ಮಾಸ್ತರು ತಲೆಯಾಡಿಸಿದರು: “ಪಾಪ, ಅವರದೇನು ತಪ್ಪಿಲ್ಲ. ಒಂದು ಕೈ ಹೆಚ್ಚಾಗೈತೆ.”

೪. ಜಗಳೂರು

ದೀಪಕ್ಕೆ ಸೀಮೆಎಣ್ಣೆ ಸಿಗದ ಕಾಲ. ಸಂತೆ ದಿನ ಮಧ್ಯಾಹ್ನವೇ ಆಟ ಇಟ್ಟಿದ್ದರು. ಬಿಳಿಚೋಡಿನ ಕಡೆಯಿಂದ ಕುರಿ ಮಾರಲು ಬಂದವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಮಾಲೀಕರು ತಮ್ಮ ರಾಜನ ಪಾತ್ರಕ್ಕೆ ಬಣ್ಣ ಹಚ್ಚಿಕೊಳ್ಳುತ್ತಲೇ ಹೇಳಿದರು: “ಒಂದು ಹಾಡು ಮುರೀಲಿ, ನಾಳೆಯಿಂದ ಹೊಸಬರೇ.” ಹೊಸ ಮಾಸ್ತರು ಪರದೆಯ ಪಕ್ಕದಲ್ಲಿ ತಮ್ಮ ಹಾರ್ಮೋನಿಯಂ ಪೆಟ್ಟಿಗೆಯೊಡನೆ ಸಿದ್ಧರಾಗಿ ಕೂತಿದ್ದರು.

ಒಂದು ಹಾಡೂ ಮುರಿಯಲಿಲ್ಲ. ಕೊನೆಯ ದೃಶ್ಯದಲ್ಲಿ ರಾಜ ಬಾಣ ತಗುಲಿ ಬಿದ್ದು, ಹಾಡಿ, ಸತ್ತ.

“ವನ್ಸ್ ಮೋರ್!” ಎಂದು ಜನ ಕೂಗಿದರು.

ಮಾಸ್ತರು ಹಾಡಿನ ಮೊದಲ ಸಾಲು ನುಡಿಸಿದರೆ ನಟ ಹಾಡಲೇಬೇಕು, ಸತ್ತಿದ್ದರೂ ಎದ್ದು ಹಾಡಬೇಕು. ಇದು ಕಂಪನಿಯ ಕಟ್ಟುನಿಟ್ಟು. ಮೊದಲೆಲ್ಲ ಎರಡು ಸಲಕ್ಕೆ ಮಾಸ್ತರು ಎಡಗೈ ಸೋತು ಹಾರ್ಮೋನಿಯಂ ಮುಚ್ಚುತ್ತಿದ್ದರು. ರಾಜನಿಗೆ ಅದೇ ಮೋಕ್ಷ. ಕಾಲು ಅಷ್ಟು ಬೇಗ ಸೋಲುವುದಿಲ್ಲ ಎಂಬುದು ನನ್ನ ನೋಟ್‌ಬುಕ್ಕಿನಲ್ಲೂ ಇರಲಿಲ್ಲ.

ಮಾಸ್ತರು ನನ್ನ ಕಡೆ ನೋಡಿದರು. ಪೆಡಲು ಆಡಿತು. ರಾಜ ಎದ್ದು, ಹಾಡಿ, ಸತ್ತ. ಮತ್ತೆ ಕೂಗು, ಮತ್ತೆ ಪೆಡಲು. ನಾಲ್ಕನೇ ಸಾವಿಗೆ ಬಣ್ಣ ಬೆವರಿನಲ್ಲಿ ಇಳಿದು ಮೀಸೆ ಒಂದು ಕಡೆ ಜಾರಿತು. ಐದನೆಯದಕ್ಕೆ ಜನ ಬಾಯಿ ತೆರೆಯುವ ಮೊದಲೇ ಹಾರ್ಮೋನಿಯಂ ಶುರುವಾಯಿತು.

ರಾಜ ಮಲಗಿದಲ್ಲೇ ಒಂದು ಕಣ್ಣು ತೆರೆದ. “ಮಾಸ್ತರೇ, ಜಾಗ ನಿಮ್ದೇ ಕಣ್ರೀ. ಇನ್ನಾದ್ರೂ ನನ್ನ ಸಾಯಾಕೆ ಬಿಡ್ರಿ!”

ಮಾಲೀಕರು ಮೆಲ್ಲಗೆ ಹೇಳಿದ್ದರು. ಆದರೂ ಮುಂದಿನ ಸಾಲಿಗೆ ಕೇಳಿಸಿತು. ಕುರಿ ಮಾರಿ ಬಂದವರೆಲ್ಲ ಎದ್ದು ನಿಂತು ಕೂಗಿದರು:

“ವನ್ಸ್ ಮೋರ್!”

ಮಾಲೀಕರು ಎದ್ದು ಕೂತು, ಆ ಮಾತನ್ನೂ ಇನ್ನೊಮ್ಮೆ ಹೇಳಬೇಕಾಯಿತು. ಈ ಸಲ ರಾಗವಾಗಿ, ಹಾರ್ಮೋನಿಯಂ ಜೊತೆಗೆ.